ಆಲದ ಮರದ ಅಳಿಯಂದಿರು

ನಾನು ಹೊಟ್ಟೆಪಾಡಿಗೆ ಬಾವಲಿಗಳ ಉಚ್ಚೆ ಹಿಡಿಯುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಬಚ್ಚಿಟ್ಟುಕೊಂಡು ಮುಂದೆ ಹೋದರೆ ನಡುವೆ ನನಗೇ ನಗು ತಡೆಯುವುದಿಲ್ಲ. ಯಾದಗಿರಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಮೊದಲ ವಾರವೇ "ಏನ್ ಕೆಲಸ ಮಾಡ್ತಿಯವ್ವಾ?" ಎಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅದಕ್ಕ ಪಗಾರ ಬ್ಯಾರೆ ಕೊಡ್ತಾರೇನು?" ಎಂದಳು. ಕೊಡುತ್ತಾರೆ ಎಂದೆ. "ಹಂಗಾರ ನಮ್ಮ ಎಮ್ಮಿದೂ ಹಿಡಕೊಂಡು ಹೋಗು, ಬಕೇಟ್‌ಗಟ್ಲೆ ಹೊಯ್ತದ" ಎಂದು ಮತ್ತೆ ಮೊರ ಎತ್ತಿಕೊಂಡಳು. ಕೊಂಕಲ್‌ನಲ್ಲಿರುವ ನಮ್ಮವ್ವ ಮಾತ್ರ ಇವತ್ತಿಗೂ ಬೀಗರ ಮುಂದೆ "ನನ್ನ ಮಗಳು ಲ್ಯಾಬಿನ್ಯಾಗ ರಕ್ತ ಚೆಕ್ ಮಾಡ್ತಾಳ" ಎಂದೇ ಹೇಳುವುದು. ರಕ್ತಕ್ಕೆ ಇರುವ ಮರ್ಯಾದೆ ಉಚ್ಚೆಗೆ ಎಲ್ಲಿಂದ ಬರಬೇಕು!

ಕೆಲಸ ಇಷ್ಟೇ. ಪ್ರಾಣಿಗಳ ಮೈಯಲ್ಲಿ ನೂರೆಂಟು ವೈರಸ್‌ಗಳಿರುತ್ತವೆ. ಬಹುಪಾಲು ತಮ್ಮ ಪಾಡಿಗೆ ತಾವು ಇರುತ್ತವೆ. ಅವುಗಳಲ್ಲಿ ಯಾವುದೋ ಒಂದು ಮನುಷ್ಯರಿಗೆ ದಾಟಿದರೆ ಏನಾಗುತ್ತದೆ ಎಂಬುದನ್ನು ನಾವೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ನೋಡಿದ್ದೇವೆ. ಆದ್ದರಿಂದ ದಾಟುವ ಮೊದಲೇ ಯಾವುದು ಎಲ್ಲಿದೆ, ನೋಡಲು ಹೇಗಿದೆ ಎಂದು ತಿಳಿದುಕೊಂಡರೆ ಪರೀಕ್ಷೆ, ಲಸಿಕೆ, ಔಷಧದ ಕೆಲಸವನ್ನು ಮುಂಚೆಯೇ ಶುರು ಮಾಡಬಹುದು. ಬಾವಲಿಗಳು ಇದಕ್ಕೆ ಒಳ್ಳೆಯ ಜಾಗ, ಏಕೆಂದರೆ ಎಷ್ಟೋ ವೈರಸ್‌ಗಳನ್ನು ಹೊತ್ತುಕೊಂಡೂ ಅವು ಕಾಯಿಲೆ ಬೀಳುವುದು ಕಡಿಮೆ. ಅವುಗಳನ್ನು ಹಿಡಿದು ಹಿಂಸೆ ಮಾಡುವ ಅಗತ್ಯವೂ ಇಲ್ಲ. ರಾತ್ರಿಯೆಲ್ಲ ಹಣ್ಣು ತಿಂದು ಬೆಳಗಿನ ಜಾವ ಮರಕ್ಕೆ ಮರಳಿದೊಡನೆ ಅವು ಮಾಡುವ ಮೊದಲ ಕೆಲಸ ಮೂತ್ರ. ಮರದ ಕೆಳಗೆ ಸ್ವಚ್ಛವಾದ ಪ್ಲಾಸ್ಟಿಕ್ ಹಾಳೆ ಹಾಸಿ ದೂರ ಕೂತರೆ ಆಯಿತು. ಬೆಳಕಾದ ಮೇಲೆ ಹನಿಗಳನ್ನು ಪುಟ್ಟ ನಳಿಕೆಯಲ್ಲಿ ಹೀರಿ, ಸೀಸೆಗೆ ತುಂಬಿ, ಹೊಗೆಯಾಡುವಷ್ಟು ತಣ್ಣಗಿರುವ ಡಬ್ಬಿಗೆ ಹಾಕಿ ದೊಡ್ಡ ಲ್ಯಾಬಿಗೆ ಕಳಿಸುತ್ತೇವೆ.

ನಮ್ಮ ತಂಡದಲ್ಲಿ ಮೂರೇ ಜನ. ಮುಖ್ಯಸ್ಥರು ಮೈಸೂರಿನ ಕಡೆಯ ಪಶುವೈದ್ಯರು. "ದಯವಿಟ್ಟು" ಎನ್ನದೆ ಅವರ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಬಂದ ಹೊಸತರಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಈ ಊರಿನವರು ನನ್ನ ಮೇಲೆ ಯಾಕೆ ಇಷ್ಟು ಸಿಟ್ಟಾಗಿದ್ದಾರೆ?" ಎಂದು ಕೇಳಿದ್ದರು. "ಸಿಟ್ಟಲ್ರಿ ಸರ್, ಚಾ ಕುಡೀರಿ ಅನ್ನಾಕತ್ತಾರ" ಎಂದೆ. ಇನ್ನೊಬ್ಬ ನಮ್ಮ ಡ್ರೈವರ್, ಶಹಾಪುರದವನು. ಅವರ ಊರಿನ ಗುಡ್ಡ ಬುದ್ಧ ಮಲಗಿದ ಹಾಗೆ ಕಾಣುತ್ತದೆಂದು ಜನ ದೂರದಿಂದ ನೋಡಲು ಬರುತ್ತಾರೆ. ಈತ ಗಾಡಿಯ ಹಿಂದಿನ ಸೀಟಿನಲ್ಲಿ ಒರಗಿದರೆ ಥೇಟ್ ಅದೇ ಗುಡ್ಡ, ಗೊರಕೆಯೊಂದು ಹೆಚ್ಚು. ಮೂರನೆಯವಳು ನಾನು.

ಈಗ ಹೇಳಹೊರಟಿರುವ ಊರು ಸುರಪುರ ದಾಟಿ ಬಂಡೆಗಳ ನಡುವಿನ ದಾರಿ ಹಿಡಿದರೆ ಸಿಗುತ್ತದೆ. ಹೆಸರು ಬೇಡ. ಊರ ಅಂಚಿನಲ್ಲಿ ದೊಡ್ಡದೊಂದು ಆಲದ ಮರ, ಅದರ ತುಂಬ ಹಣ್ಣು ತಿನ್ನುವ ದೊಡ್ಡ ಬಾವಲಿಗಳು. ದೀಪಾವಳಿ ಮುಗಿದು ಚಳಿ ಕಾಲಿಡುತ್ತಿದ್ದ ದಿನಗಳಲ್ಲಿ ನಾವು ಮೊದಲ ಸಲ ಅಲ್ಲಿಗೆ ಹೋದೆವು. ಪಂಚಾಯಿತಿಗೆ ಮುಂಚೆಯೇ ಹೇಳಿದ್ದೆವು, ಆದರೆ ಪಂಚಾಯಿತಿಯವರು ಊರಿಗೆ ಹೇಳಿರಲಿಲ್ಲ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ನಾನೂ ಡಾಕ್ಟರೂ ಬಿಳಿ ಕವಚ ತೊಟ್ಟು, ಮಾಸ್ಕು, ಕನ್ನಡಕ, ಕೈಗವಸು ಎಲ್ಲ ಬಿಗಿದು ಮರದ ಕಡೆ ನಡೆದೆವು. ಎದುರಿಗೆ ಚೆಂಬು ಹಿಡಿದು ಬಯಲಿಗೆ ಹೊರಟಿದ್ದ ಒಬ್ಬ ಹಿರಿಯ ನಮ್ಮನ್ನು ನೋಡಿದ. ಚೆಂಬು ಅಲ್ಲೇ ಬಿತ್ತು. "ಕರೋನಾ ಬಂತು, ಓಡ್ರಪ್ಪೋ!" ಎಂದು ಕೂಗುತ್ತಾ, ಬಂದ ಕೆಲಸವನ್ನೂ ಮರೆತು ಅವನು ಓಡಿದ ಓಟ ಇನ್ನೂ ನನ್ನ ಕಣ್ಣ ಮುಂದಿದೆ.

ನೋಡನೋಡುತ್ತ ಬಾಗಿಲುಗಳು ದಡದಡ ಮುಚ್ಚಿಕೊಂಡವು. ಆಗಷ್ಟೇ ತೆರೆಯುತ್ತಿದ್ದ ಕಿರಾಣಿ ಅಂಗಡಿಯ ಶಟರ್ ಕೆಳಗಿಳಿಯಿತು. ನಾಗರಪಂಚಮಿಗೆ ಕಂದಕೂರಿನ ಚೇಳಿನ ಜಾತ್ರೆಗೆ ಹೋಗಿ ಜೀವಂತ ಚೇಳನ್ನು ಅಂಗೈ ಮೇಲೆ ಹತ್ತಿಸಿಕೊಂಡು ನಗುತ್ತಾ ಬರುವ ಮಂದಿ ಇವರು! ಆ ಮಂದಿ ನನ್ನನ್ನು ನೋಡಿ ಹೆದರಿದರಲ್ಲ ಎಂದು ಮಾಸ್ಕಿನೊಳಗೆ ನನಗೆ ಎಂಥ ನಗು ಬಂತೆಂದರೆ ಕನ್ನಡಕ ಮಂಜಾಗಿ ದಾರಿ ಕಾಣದೆ ಒಂದು ಬೇರಿಗೆ ಎಡವಿ ಬಿದ್ದೆ.

ಎದ್ದು ನೋಡಿದರೆ ಎದುರಿಗೆ ಒಬ್ಬ ಮುದುಕಿ, ಕೈಯಲ್ಲಿ ಕಸಬರಿಗೆ. ಇಡೀ ಊರಿನಲ್ಲಿ ಹೆದರದೆ ನಿಂತವಳು ಆಕೆಯೊಬ್ಬಳೇ. ಮರ ಆಕೆಯ ಮನೆಯದು, ಊರೆಲ್ಲ ಆಕೆಯನ್ನು ಆಯಿ ಎಂದು ಕರೆಯುತ್ತದೆ.

"ಯಾರ ಮನಿ ಬೀಗರ್ರಿ ನೀವು? ಮೊದಲ ಮಾರಿ ತೋರಸ್ರಿ" ಎಂದಳು. ಈ ಕಡೆ ಮನೆಗೆ ಬಂದ ನೆಂಟರೆಲ್ಲ ಬೀಗರೇ.

ದೂರ ಸರಿದು ಮಾಸ್ಕು ತೆಗೆದೆ. ಬಾವಲಿಗಳನ್ನು ಪರೀಕ್ಷೆ ಮಾಡಲು ಬಂದಿದ್ದೇವೆ ಎಂದೆ.

"ಬಾವಲಿ ಅನಬ್ಯಾಡ. ಅವರು ನಮ್ಮ ಅಳಿಯಂದ್ರು."

ನನ್ನ ಮುಖ ನೋಡಿ ಆಕೆಗೆ ಕನಿಕರವಾಯಿತೆಂದು ಕಾಣುತ್ತದೆ, ಬಿಡಿಸಿ ಹೇಳಿದಳು. "ಹೊತ್ತು ಮುಣಗಿದಮ್ಯಾಲ ಹೊರಗ ಬೀಳ್ತಾರ. ರಾತ್ರೆಲ್ಲ ಮಂದಿ ಮನಿ ಹಣ್ಣು ತಿಂತಾರ. ಹಗಲೆಲ್ಲ ಜೋತುಬಿದ್ದು ಮಲಗ್ತಾರ. ದುಡಿಯಂಗಿಲ್ಲ, ದುಃಖ ಪಡಂಗಿಲ್ಲ, ಏನರ ಅಂದ್ರ ಹೊಳ್ಳಿ ಕಿರಿಚ್ತಾರ. ಅಳಿಯಂದ್ರು ಅಲ್ಲದ ಮತ್ಯಾರು ಮತ್ತ?"

ಅದು ಆಕೆಯ ಅತ್ತೆಯ ಅತ್ತೆಯ ಕಾಲದಿಂದ ಬಂದ ಮಾತಂತೆ. ಆ ಮರಕ್ಕೆ ಯಾರೂ ಕಲ್ಲೆಸೆಯುವುದಿಲ್ಲ. ದೀಪಾವಳಿಯಲ್ಲಿ ಆ ಓಣಿಯಲ್ಲಿ ಪಟಾಕಿಯ ಸದ್ದಿಲ್ಲ. ಎಳ್ಳಮವಾಸ್ಯೆಯ ದಿನ ಎಲ್ಲರೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಮೊದಲು ಆಯಿಯ ಮನೆಯಿಂದ ಬುಡದ ಕಟ್ಟೆಯ ಮೇಲೆ ಬಾಳೆಹಣ್ಣು ಇಡುತ್ತಾರೆ. ಮನೆಯ ಹೆಣ್ಣುಮಕ್ಕಳ ಗಂಡಂದಿರು ಈ ಮಾತಿಗೆ ಬೇಜಾರು ಮಾಡಿಕೊಳ್ಳುವುದಿಲ್ಲವೇ ಎಂದು ಕೇಳಿದೆ. "ಮೊದಲ ಸಲ ಬಂದಾಗ ಮಾರಿ ಉಬ್ಬಸ್ತಾರ, ಆಮ್ಯಾಲ ಮ್ಯಾಲಿನವರನ್ನ ನೋಡಿ ಸುಧಾರಸ್ತಾರ" ಎಂದಳು. ನಾನು ಅಲ್ಲೇ ಆಕೆಗೆ ಮಾರುಹೋದೆ.

ಆದರೆ ಊರು ನಗುವ ಸ್ಥಿತಿಯಲ್ಲಿರಲಿಲ್ಲ. ಕವಚ ಕಳಚಿ ಮನುಷ್ಯರ ವೇಷಕ್ಕೆ ಬಂದು ಎಲ್ಲರಿಗೂ ವಿವರಿಸುವಷ್ಟರಲ್ಲಿ ಹಿರಿಯರು ಊರ ನಡುವಿನ ಕಟ್ಟೆಯ ಮೇಲೆ ಸೇರಿದ್ದರು. ಮುಂದೆ ನಿಂತವನು ಶಟರ್ ಇಳಿಸಿದ ಅಂಗಡಿಯವನು, ಆಯಿಯ ಮೈದುನನ ಮಗ. ಅವನ ಮನೆ ಮರಕ್ಕೆ ತೀರ ಹತ್ತಿರ, ಮನೆಯಲ್ಲಿ ತೊಟ್ಟಿಲ ಕೂಸು.

"ಇಷ್ಟು ದಿನ ಗೊತ್ತಿರಲಿಲ್ಲ, ಸುಮ್ಮನಿದ್ವಿ" ಎಂದ. "ಇವರಽ ಮೈತುಂಬ ಪ್ಲಾಸ್ಟಿಕ್ ಸುತ್ಕೊಂಡು ಬರಾಕತ್ತಾರಂದ್ರ ಅಲ್ಲಿ ಏನೋ ಅದ ಅಂತಲೇ ಅರ್ಥ. ಕರೋನಾದಾಗ ನಮ್ಮಣ್ಣ ಹೋದ. ಮಣ್ಣು ಮಾಡೂದಕ್ಕೂ ನಮಗ ಹತ್ತಿರ ಬಿಡಲಿಲ್ಲ. ಇನ್ನೊಮ್ಮಿ ನಾ ಅದನ್ನ ನೋಡಂಗಿಲ್ಲ. ಟೊಂಗಿ ಎಲ್ಲಾ ಕಡದು ಮರ ಬೋಳು ಮಾಡಿಸ್ತೀನಿ. ಹೊಗಿ ಹಾಕಿದ್ರ ಅವು ತಾವಽ ಹೋಗ್ತಾವ."

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ನನ್ನ ನಗುವೆಲ್ಲ ಅಡಗಿ ಹೋಯಿತು. ಹೊಗೆ ಹಾಕಿ ಹೆದರಿಸಿದರೆ ಬಾವಲಿಗಳು ಊರೂರಿಗೆ ಚದರುತ್ತವೆ, ಹೆದರಿದ ಪ್ರಾಣಿ ವೈರಸ್ಸನ್ನು ಇನ್ನೂ ಹೆಚ್ಚು ಹೊರಹಾಕುತ್ತದೆ ಎಂದು ಡಾಕ್ಟರು ದಯವಿಟ್ಟುಗಳ ನಡುವೆ ಬಿಡಿಸಿ ಹೇಳಿದರು. ಕೊನೆಗೆ ಹಿರಿಯರು ಒಂದು ತೀರ್ಮಾನ ಮಾಡಿದರು. ಹೋಳಿ ಹುಣ್ಣಿಮೆಯವರೆಗೆ ಮರ ಮುಟ್ಟುವುದಿಲ್ಲ. ಅಷ್ಟರಲ್ಲಿ ನಾವು ಪರೀಕ್ಷೆ ಮಾಡಿಸಿ, ಊರ ಮುಂದೆ ನಿಂತು, ಏನಿದೆ ಏನಿಲ್ಲ ಹೇಳಬೇಕು. ಹೇಳದಿದ್ದರೆ ಹುಣ್ಣಿಮೆಯ ಮರುದಿನ ಗರಗಸ.

ಎಲ್ಲರೂ ಎದ್ದ ಮೇಲೆ ಆಯಿ ನನ್ನ ರಟ್ಟೆ ಹಿಡಿದು, "ಈ ಮರ ಬೋಳಾದ್ರ ನಾ ಈ ಅಂಗಳದಾಗ ಕುಂಡ್ರಂಗಿಲ್ಲ ಮಗಳ. ಹೇಳಾಕ ನೀನಽ ಬರಬೇಕು, ಬ್ಯಾರೆಯವರನ್ನ ಕಳಸಬ್ಯಾಡ" ಎಂದಳು. ಬರುತ್ತೇನೆ ಎಂದೆ.

ಮರುದಿನ ಬೆಳಗಿನ ಜಾವ ಹಾಳೆಗಳನ್ನು ಹಾಸಿ, ಬಾವಲಿಗಳಿಗೆ ತೊಂದರೆಯಾಗದಿರಲೆಂದು ದೂರ ಗಾಡಿಯಲ್ಲಿ ಕೂತೆವು. ಬೆಳಕಾಯಿತು. ಡಬ್ಬಿ ಹೊತ್ತು ಮರದ ಬುಡಕ್ಕೆ ಹೋದರೆ ಹಾಳೆಗಳೇ ಇಲ್ಲ. ತಲೆಯೆತ್ತಿ ನೋಡಿದರೆ ಆಯಿಯ ಮನೆಯ ಬೇಲಿಯ ಮೇಲೆ ಒಂದರ ಪಕ್ಕ ಒಂದು, ಥಳಥಳ ಹೊಳೆಯುತ್ತಾ, ನೀರು ತೊಟ್ಟಿಕ್ಕುತ್ತಾ ಒಣಗುತ್ತಿವೆ.

"ಆಯಿ, ಹಾಳಿ ಯಾರು ತೊಳದ್ರು?"

"ನಾನಽ" ಎಂದಳು, ಮುಖದಲ್ಲಿ ಮೆಚ್ಚುಗೆಗೆ ಕಾದ ಕಳೆ. "ಬೀಗರ ಹಾಸಿಗಿ ಮ್ಯಾಲ ಅಳಿಯಂದ್ರು ಹೊಲಸು ಮಾಡಿದ್ರ ಮನಿ ಹೆಣಮಗಳು ನೋಡ್ಕೋತ ಕುಂಡ್ರತಾಳೇನು? ಊರಾಗ ಏನಂದಾರು! ಸಾಬಾಣ ಹಚ್ಚಿ ಸಾಫ್ ತಿಕ್ಕೇನಿ."

ಡಾಕ್ಟರ ಮುಖ ನೋಡುವಂತಿತ್ತು. "ಅಜ್ಜಿ, ದಯವಿಟ್ಟು, ನಮಗೆ ಬೇಕಾಗಿದ್ದೇ ಅದು."

ಆಯಿ ನನ್ನ ಕಡೆ ತಿರುಗಿದಳು. "ಈ ಸಾಹೇಬರಿಗೆ ಏನ್ ಬೇಕಂತವ್ವಾ?"

"ಉಚ್ಚಿ ಬೇಕಂತ ಆಯಿ."

"ಅಳಿಯಂದ್ರದಾ?"

"ಹ್ಞೂಂ."

ಆಯಿ ಒಮ್ಮೆ ಮೇಲೆ ನೋಡಿದಳು, ಒಮ್ಮೆ ಡಾಕ್ಟರನ್ನು ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರು ಮಾಡಿದವಳು ನಿಲ್ಲಲಾಗದೆ ನೆಲಕ್ಕೆ ಕೂತಳು. ಅವಳನ್ನು ನೋಡಿ ನಾನೂ ಕೂತೆ. ಬರಿಗೈಯಲ್ಲಿ ಮುಟ್ಟಬಾರದು, ಕೈ ಚೆನ್ನಾಗಿ ತೊಳೆಯಬೇಕು ಎಂದು ಡಾಕ್ಟರು ನಿಂತು ಒಬ್ಬರೇ ಗಂಭೀರವಾಗಿ ಪಾಠ ಮಾಡುತ್ತಿದ್ದರು. ಅವರ ಸಮಾಧಾನಕ್ಕೆ ಆಯಿ ಮತ್ತೆ ಮತ್ತೆ ಸಾಬೂನು ಹಚ್ಚಿ ಕೈ ತೊಳೆದಳು, ಇನ್ನು ಆ ಹಾಳೆಗಳನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಳು.

ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನ ನಾವು ಬಂದು ನೋಡಿದಾಗ ಹಾಳೆಗಳು ಹಾಸಿದ ಜಾಗದಲ್ಲೇ ಇದ್ದವು. ಆದರೆ ಮೇಲೆ ಚೆನ್ನಾಗಿ ಸಗಣಿ ನೀರು ಚಿಮುಕಿಸಿ, ಮೂಲೆ ಮೂಲೆಗೆ ರಂಗೋಲಿ ಬರೆದಿತ್ತು. ಆಯಿಯ ಸೊಸೆ ಬಾಗಿಲಲ್ಲಿ ನಿಂತು ಸಂಕೋಚದಿಂದ, "ಅತ್ತಿ ಮುಟ್ಟಬಾರದು ಅಂದಿದ್ರಿ. ನಾನೂ ಕೈಲೆ ಮುಟ್ಟಿಲ್ಲ್ರಿ, ದೂರಿಂದ ಚಿಮುಕ್ಸೇನಿ. ಬೀಗರು ಹಾಸಿದ್ದು ಬರೇ ಬಿಡಬಾರದು ಅಂತ" ಎಂದಳು. ಡಾಕ್ಟರು ಬಹಳ ಹೊತ್ತು ರಂಗೋಲಿಯನ್ನೇ ನೋಡಿದರು. "ಇದನ್ನು ಕಳಿಸಿದರೆ ನಿಮ್ಮ ಎಮ್ಮೆಯ ವರದಿ ಬರುತ್ತದೆ, ತಾಯಿ" ಎಂದರು. ಹಿಂದಿನ ಸೀಟಿನಲ್ಲಿ ಮಲಗಿದ್ದ ಬುದ್ಧ ಎದ್ದು ಕೂತು ನಕ್ಕ.

ಆ ದಿನ ನಾನು ಆಯಿಯನ್ನು ಅವಳ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಈ ಹನಿಗಳು ನಮಗೆ ಸಿಗದಿದ್ದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಹೋಳಿಗೆ ಹೇಳಲು ಏನೂ ಇರುವುದಿಲ್ಲ, ಆಗ ಅಂಗಡಿಯವನು ಗರಗಸದವರನ್ನು ಕರೆಸುತ್ತಾನೆ ಎಂದೆ. ಆಯಿಯ ನಗು ನಿಂತಿತು. ಕೆಲಹೊತ್ತು ತನ್ನ ಅಂಗೈಗಳನ್ನು ನೋಡಿಕೊಂಡಳು.

"ಹಂಗಾರ ಮರಾನ ನಾನಽ ತೊಳದು ಚೆಲ್ಲಾಕತ್ತಿದ್ದೆ" ಎಂದಳು. "ನಾಳಿಗೆ ಬರ್ರಿ. ಒಂದು ಇರುವಿ ಆ ಹಾಳಿ ಮ್ಯಾಲ ಹಾದ್ರ ನನ್ನ ಹೆಸರು ಬ್ಯಾರೆ ಇಡು."

ಮರುದಿನ ಬಂದೆವು. ಆಯಿ ಅಂಗಳದ ತುದಿಯಲ್ಲಿ, ಡಾಕ್ಟರು ಗೆರೆ ಎಳೆದು ತೋರಿಸಿದ ದೂರದಲ್ಲಿ, ಕೋಲು ಹಿಡಿದು ಕೂತಿದ್ದಳು. ಕೋಳಿ ಓಡಿಸಿದಳು, ನಾಯಿ ಓಡಿಸಿದಳು, ಚೆಂಬು ಹಿಡಿದು ಬಂದ ಅದೇ ಹಿರಿಯನನ್ನೂ ಬೇರೆ ದಾರಿಗೆ ಓಡಿಸಿದಳು. ಪಾಪ, ಅವನಿಗೆ ಆ ವಾರ ನೆಮ್ಮದಿಯೇ ಇರಲಿಲ್ಲ. ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತಿದ್ದಂತೆ ಬಾವಲಿಗಳು ಬಂದವು, ಕಿತ್ತಾಡಿದವು, ಜೋತುಬಿದ್ದವು. ನಾವು ಹಾಳೆಗಳನ್ನೇ ನೋಡುತ್ತಿದ್ದೆವು. ಒಂದು ಹನಿಯೂ ಇಲ್ಲ. ಅಷ್ಟು ದಿನ ಬೇಡವೆಂದರೂ ಸುರಿಸಿದ ಅಳಿಯಂದಿರು ಇವತ್ತು ಬೇಕೆಂದಾಗ ಬಿಗುಮಾನ ಮಾಡುತ್ತಿದ್ದರು.

ಆಗ ಆಯಿ, ಚಿಕ್ಕ ಮಕ್ಕಳನ್ನು ಕಾಲ ಮೇಲೆ ಕೂರಿಸಿಕೊಂಡು ಉಚ್ಚೆ ಹೊಯ್ಯಿಸುವಾಗ ಅವ್ವಂದಿರು ಮಾಡುತ್ತಾರಲ್ಲ, ಆ ಸದ್ದು ಮಾಡಿದಳು. "ಸ್ಸ್‌ಸ್ಸ್‌ಸ್ಸ್..."

ನಾನು ಡಾಕ್ಟರ ಕಡೆ ನೋಡಲಿಲ್ಲ, ನೋಡಿದರೆ ಮುಗಿಯಿತು ಎಂದು ಗೊತ್ತಿತ್ತು. ಸೊಸೆ ಬಾಗಿಲಿಂದ ಜೊತೆಗೂಡಿದಳು, "ಸ್ಸ್‌ಸ್ಸ್..." ಡ್ರೈವರ್ ಗಾಡಿಯಿಂದ ತಲೆ ಹೊರಗೆ ಹಾಕಿ ಅವನೂ ಶುರು ಮಾಡಿದ. ನಾನೂ ಮಾಡಿದೆ. ಕೊನೆಗೆ ಪಕ್ಕದಿಂದ, ಮಾಸ್ಕಿನ ಒಳಗಿನಿಂದ, ಬಹಳ ಮೆಲ್ಲಗೆ, ಬಹಳ ಸಭ್ಯವಾಗಿ ಒಂದು "ಸ್ಸ್‌ಸ್ಸ್" ಕೇಳಿಸಿತು. ಮೈಸೂರಿನ ಸದ್ದು! ಅದೇ ಹೊತ್ತಿಗೆ ಹಾಳೆಯ ಮೇಲೆ ಟಪ್ಪೆಂದಿತು.

"ಬಿತ್ತು!" ಎಂದು ಆಯಿ ಎದ್ದು ನಿಂತಳು. ಇನ್ನೊಂದು ಬಿತ್ತು, ಮತ್ತೊಂದು ಬಿತ್ತು, ಆಮೇಲೆ ಲೆಕ್ಕವಿಲ್ಲ. ಮುಂಗಾರಿನ ಮೊದಲ ಮಳೆಗೂ ನಾನು ಅಷ್ಟು ಖುಷಿಪಟ್ಟವಳಲ್ಲ. ಆಯಿ ಕೋಲು ಎತ್ತಿ ಅಲ್ಲೇ ಒಂದು ಸುತ್ತು ಕುಣಿದಳು. ಸೀಸೆಗಳು ತುಂಬಿದವು. ಡಬ್ಬಿಯ ಬಾಯಿಂದ ತಣ್ಣನೆಯ ಬಿಳಿ ಹೊಗೆ ಎದ್ದಾಗ ಆಕೆ ದೂರದಿಂದಲೇ ಅದಕ್ಕೆ ಕೈ ಮುಗಿದಳು.

ವರದಿ ಬಂದದ್ದು ಹೋಳಿಗೆ ಇನ್ನು ಕೆಲವೇ ದಿನ ಇದ್ದಾಗ. ನಾನು ಸುರಪುರ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ಮುಂದಿಟ್ಟುಕೊಂಡಿದ್ದೆ. ಫೋನಿನಲ್ಲಿ ಡಾಕ್ಟರು, "ಸಿಕ್ತರೀ! ಹೊಸಾದು ಅದರೀ, ಹೊಸಾದು!" ಎಂದು ಕೂಗುತ್ತಿದ್ದರು. ಸಂಭ್ರಮದಲ್ಲಿ ದಯವಿಟ್ಟು ಮರೆತು ನಮ್ಮ ಭಾಷೆಗೆ ಬಂದುಬಿಟ್ಟಿದ್ದರು. ಇದುವರೆಗೆ ಯಾರೂ ಕಂಡಿರದ ವೈರಸ್ಸು. ಬೇರೆ ಕಡೆ ಬಾವಲಿಗಳಲ್ಲಿ ಸಿಕ್ಕಿರುವ ಒಂದರ ದೂರದ ಸಂಬಂಧಿ. ನಮ್ಮ ಸೀಸೆಯಿಂದ, ನಮ್ಮ ಮರದಿಂದ! ನಾನು ಕೂತಲ್ಲಿಂದ ಹಾರಿದೆ, ತಟ್ಟೆ ಉರುಳಿತು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಾಲೀಕ, "ಏನವ್ವಾ, ನೌಕರಿ ಸಿಕ್ತೇನು?" ಎಂದ.

"ಇಲ್ರಿ ಕಾಕಾ, ವೈರಸ್ ಸಿಕ್ತು!"

ಪಕ್ಕದ ಮೇಜಿನವರು ತಟ್ಟೆ ಎತ್ತಿಕೊಂಡು ಬಾಗಿಲ ಹತ್ತಿರದ ಮೇಜಿಗೆ ಹೋದರು. ನನಗೆ ಅದೂ ಖುಷಿಯೇ. ಉರುಳದೆ ಉಳಿದಿದ್ದ ಒಂದು ಮಿರ್ಚಿ ಕಚ್ಚಿದೆ, ಖಾರಕ್ಕೋ ಸಂತೋಷಕ್ಕೋ ಕಣ್ಣಲ್ಲಿ ನೀರು ಬಂತು. ಅರ್ಧ ಮಿರ್ಚಿ ಮುಗಿಯುವಷ್ಟರಲ್ಲಿ ಆಯಿಯ ನೆನಪಾಯಿತು. ಹೋಳಿಯ ದಿನ ಊರ ಮುಂದೆ ನಿಂತು ನಾನು ಹೇಳಬೇಕಾದ ಮಾತು ಇದೇ ಅಲ್ಲವೇ? ಮರದಲ್ಲಿ ವೈರಸ್ಸಿದೆ ಎಂದು. ಉಳಿದರ್ಧ ಮಿರ್ಚಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಡಾಕ್ಟರಿಗೂ ಅದೇ ಚಿಂತೆ. ಮನುಷ್ಯರಿಗೆ ಬಂದ ಸುಳಿವು ಎಲ್ಲೂ ಇಲ್ಲ, ಬರುವುದಿಲ್ಲ ಎನ್ನಲು ಆಧಾರವೂ ಇಲ್ಲ. "ಸುಳ್ಳು ಹೇಳುವ ಹಾಗಿಲ್ಲ" ಎಂದರು. ಸುಳ್ಳು ಹೇಳುವ ಯೋಚನೆ ನನಗೂ ಇರಲಿಲ್ಲ. ಅಣ್ಣನನ್ನು ಕಳೆದುಕೊಂಡವನ ಮುಂದೆ ನಿಂತು ಸುಳ್ಳು ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಹೋಳಿಯ ಸಂಜೆ ಹೊತ್ತಿಳಿಯುವಾಗ ಎಲ್ಲರೂ ಮರದಿಂದ ತುಸು ದೂರ ಸೇರಿದರು. ಅರ್ಧ ಊರಿನ ಮುಖದಲ್ಲಿ ಇನ್ನೂ ಬಣ್ಣವಿತ್ತು. ಅಂಗಡಿಯವನು ಕೂಸನ್ನು ಎತ್ತಿಕೊಂಡು ಮುಂದೆ ನಿಂತಿದ್ದ. ಆಯಿ ಕೆಳಗೆ ಕೂತು ನನ್ನನ್ನೇ ನೋಡುತ್ತಿದ್ದಳು.

"ನಮ್ಮ ಅಳಿಯಂದ್ರಿಗೆ ರೋಗ ಅದನೇನು ಮಗಳ?" ಎಂದಳು.

"ಅವರಿಗೆ ಏನೂ ಆಗಿಲ್ಲ ಆಯಿ. ಆದ್ರ ಅವರ ಮೈಯಾಗ ಒಂದು ವೈರಸ್ ಅದ. ಯಾರೂ ಮೊದಲು ನೋಡಿಲ್ಲದ್ದು."

ಗುಜುಗುಜು ಎದ್ದಿತು. ಮೊದಲು ಬಾಯಿ ತೆಗೆದವನು ಚೆಂಬಿನ ಹಿರಿಯ. "ಅದಕ್ಕ ನಮ್ಮೂರ ಹೆಸರು ಇಡ್ತೀರೇನು?" ಎಂದ, ತುಸು ಹೆಮ್ಮೆಯಿಂದಲೇ. "ಹುಚ್ಚದಿಯೇನೋ!" ಎಂದು ಹಿಂದಿನಿಂದ ಇನ್ನೊಬ್ಬ ಹೌಹಾರಿದ. "ಆಮ್ಯಾಲ ಈ ಊರಿಗೆ ಹೆಣ್ಣು ಯಾರು ಕೊಡ್ತಾರ?" ಊರ ಹೆಸರು ಇಡುವುದಿಲ್ಲ, ಸಂಖ್ಯೆ ಮಾತ್ರ ಇರುತ್ತದೆ ಎಂದು ಡಾಕ್ಟರು ಹೇಳಿದಾಗ ಅರ್ಧ ಜನಕ್ಕೆ ನೆಮ್ಮದಿ, ಅರ್ಧ ಜನಕ್ಕೆ ನಿರಾಸೆ. ಅಂಗಡಿಯವನು ಮಾತ್ರ ನಗಲಿಲ್ಲ.

"ಅದು ನಮಗ ಬರಂಗಿಲ್ಲ ಅಂತ ಹೇಳ್ತಿಯೇನು?" ಎಂದು ನನ್ನನ್ನು ಕೇಳಿದ.

"ಇಲ್ಲ ಅಣ್ಣಾ. ಹಂಗ ಹೇಳಾಕ ನನಗ ಬರಂಗಿಲ್ಲ" ಎಂದೆ. "ಆದ್ರ ನಿಮ್ಮಣ್ಣಗ ಬಂದದ್ದು, ಬರೂದಕ್ಕಿಂತ ಮೊದಲ ಯಾರೂ ಅದರ ಮಾರಿ ನೋಡಿರಲಿಲ್ಲ. ಇದರ ಮಾರಿ ನಾವು ನೋಡೀವಿ. ಇನ್ನ ಅದಕ್ಕ ಔಷಧ ಹುಡುಕೋರು ಹುಡುಕ್ತಾರ. ನೀವು ಟೊಂಗಿ ಕಡದು ಓಡಿಸಿದ್ರ ಅವು ಎಲ್ಲಿ ಹೋಗ್ತಾವ ಯಾರಿಗೆ ಗೊತ್ತು? ಇಲ್ಲಿದ್ರ ನಮ್ಮ ಕಣ್ಣ ಮುಂದಿರ್ತಾವ."

"ಕಣ್ಣ ಮುಂದಿದ್ರ ನನ್ನ ಕೂಸಿಗೆ ಏನ್ ಮಾಡ್ಲಿ?"

ಅದಕ್ಕೆ ಉತ್ತರ ನಮ್ಮ ಬಳಿ ಇತ್ತು. ಬಾವಲಿಯನ್ನು ಮುಟ್ಟಬಾರದು, ಅದು ಕಚ್ಚಿ ಬಿಟ್ಟ ಹಣ್ಣು ತಿನ್ನಬಾರದು, ನೀರಿನ ಕೊಡ, ಇಲ್ಲಿಯವರು ಹೌದು ಎಂದು ಕರೆಯುವ ನೀರಿನ ತೊಟ್ಟಿ ಮುಚ್ಚಿಡಬೇಕು, ಮರದ ಕೆಳಗೆ ಮಲಗಬಾರದು, ಕೂಸಿನ ತೊಟ್ಟಿಲು ಕಟ್ಟಬಾರದು. ಯಾವ ಊರಿಗೆ ಹೋದರೂ ನಾನು ಇದೇ ಗಿಳಿಪಾಠ ಒಪ್ಪಿಸುತ್ತೇನೆ, ಯಾರೂ ನೆನಪಿಡುವುದಿಲ್ಲ. ಆ ಸಂಜೆ ಬಾಯಿ ತೆರೆದರೆ ಪಾಠ ಹೊರಡಲಿಲ್ಲ. ಆಯಿಯ ಮುಖ ನೋಡುತ್ತಿದ್ದವಳು ತಟ್ಟನೆ ಬೇರೆಯದನ್ನೇ ಕೇಳಿದೆ.

"ಆಯಿ, ಅಳಿಯನ ಎಂಜಲಾ ಅತ್ತಿ ತಿಂತಾಳೇನು?"

"ಏ, ಥೂ! ಎಲ್ಲರ ಉಂಟೇನು?"

"ಅಳಿಯನ ಮೈ ಮುಟ್ಟಿ ಮಾತಾಡ್ತಾಳೇನು?"

"ನಾಚಿಕಿ ಬಿಟ್ಟಾಕಿ ಮಾತಾಡಿಯಾಳು" ಎಂದಳು ಗುಂಪಿನಲ್ಲಿದ್ದ ಒಬ್ಬ ಹೆಂಗಸು.

"ಅವ ಮಲಗಿದ ಕ್ವಾಣ್ಯಾಗ ಹೋಗಿ ಮಲಗ್ತಾಳೇನು?"

ಹೆಂಗಸರ ಗುಂಪಿನಿಂದ ಒಂದು ಕಿರುಚಾಟ ಎದ್ದಿತು. ಒಬ್ಬಳು ಇನ್ನೊಬ್ಬಳ ಬೆನ್ನಿಗೆ ಗುದ್ದಿದಳು. ಆಯಿಯ ಸೊಸೆ ಆ ತನಕ ಎಲ್ಲರೆದುರು ಗಟ್ಟಿಯಾಗಿ ಮಾತಾಡಿದವಳಲ್ಲ. ಅವಳೇ ಎದ್ದು, "ಅಳಿಯ ಬಂದ್ರ ಅಡಗಿ, ನೀರು ಎಲ್ಲಾ ಮುಚ್ಚಿಡಬೇಕು, ಇಲ್ಲಂದ್ರ ಎಲ್ಲಾ ತಾನಽ ತಿಂತಾನ!" ಎಂದಳು. ಊರಿನಲ್ಲಿದ್ದ ನಿಜವಾದ ಅಳಿಯನೊಬ್ಬ ತಲೆ ತಗ್ಗಿಸಿದ. ಆಮೇಲೆ ಆ ಹೆಂಗಸರನ್ನು ಹಿಡಿಯುವವರ್ಯಾರು? ನನ್ನ ಪಾಠವನ್ನೆಲ್ಲ ತಾವೇ ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಂಡು ಹೇಳಿದರು. ಎದುರು ಸಿಕ್ಕರೆ ದೂರ ಸರಿಯಬೇಕು. ಬಿಟ್ಟದ್ದನ್ನು ಮುಟ್ಟಬಾರದು. ಮುಟ್ಟಿದರೆ ಕೈ ತೊಳೆಯಬೇಕು. ಮೇಲಿಂದ ಬಿದ್ದರೆ ಎತ್ತಿಕೊಳ್ಳಬಾರದು, ದೊಡ್ಡವರನ್ನು ಕರೆಯಬೇಕು. ಡಾಕ್ಟರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿದ್ದೆ, ಆದರೂ ಒಂದು ಕಣ್ಣು ಅಂಗಡಿಯವನ ಮೇಲೇ ಇತ್ತು. ಅವನು ಒಪ್ಪದಿದ್ದರೆ ಈ ನಗುವಿನಿಂದ ಏನೂ ಆಗುತ್ತಿರಲಿಲ್ಲ.

ಆಯಿ ಎದ್ದು ಅವನ ಹತ್ತಿರ ಹೋದಳು. ನಗುತ್ತಿರಲಿಲ್ಲ.

"ನಿಮ್ಮಣ್ಣನ್ನ ನಾನೂ ಎತ್ತಿ ಆಡಿಸೇನಿ" ಎಂದಳು. "ಈ ಕೂಸಿಗೆ ಏನರ ಆಗ್ತದ ಅಂದ್ರ ಈ ಮರಾನ ನಾನಽ ಕಡಸ್ತೀನಿ, ನೀ ಹೇಳೂದು ಬ್ಯಾಡ. ಅಲ್ಲಿತನ ಕೂಸಿನ ತೊಟ್ಟಲಾ ನಮ್ಮ ಒಳಗಿನ ಪಡಸಾಲ್ಯಾಗ ಕಟ್ಟು. ನಿನ್ನ ನೀರಿನ ಹೌದಿಗೆ ನಾಳಿಗೇ ಮುಚ್ಚಳಾ ಹಾಕಸ್ತೀನಿ. ಮಳಿಗಾಲಕ್ಕ ಈ ಹುಡುಗಿ ಮತ್ತ ಬರ್ತಾಳ, ಮತ್ತ ಹಿಡಿದು ನೋಡ್ತಾಳ. ಹೌದಲ್ಲೇನು ಮಗಳ?"

ಬರುತ್ತೇನೆ ಎಂದೆ. ಕತ್ತಲಾಗುತ್ತಾ ಬಂತು. ಮೇಲೆ ಒಂದು ಬಾವಲಿ ರೆಕ್ಕೆ ಬಿಚ್ಚಿತು, ಅದರ ಹಿಂದೆ ಇನ್ನೊಂದು, ಆಮೇಲೆ ಮರಕ್ಕೆ ಮರವೇ ಎದ್ದ ಹಾಗೆ ಗುಂಪು ಗುಂಪಾಗಿ ಹೊರಟವು. ಎಲ್ಲರೂ ತಲೆಯೆತ್ತಿ ನೋಡಿದರು. ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದು ಸೂರಿನ ಕೆಳಗೆ ಹೋದ, ಅಂಗೈಯಿಂದ ಕೂಸಿನ ನೆತ್ತಿ ಮುಚ್ಚಿದ. ಅಲ್ಲಿಂದಲೇ ಬಹಳ ಹೊತ್ತು ಮೇಲೆ ನೋಡುತ್ತಾ ನಿಂತ.

"ಹೋಗಿ ಬರ್ರಿ ಅಳಿಯಂದ್ರಾ" ಎಂದ, ಸಣ್ಣ ದನಿಯಲ್ಲಿ. "ದೂರಿಂದಽ ಬರ್ರಿ, ದೂರಽ ಇರ್ರಿ."

ಆಯಿ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅವಳು ಅಳುತ್ತಿದ್ದಳು. ನಾನೂ ಅತ್ತೆ.